ಕೆಂಪು ಚುಕ್ಕೆ ಗಾಯವಲ್ಲ

ಡೊಂಬಿವಲಿಯ ಓದುಗರೊಬ್ಬರ ಪತ್ರ: "ಮಗ ಹನ್ನೆರಡನೇ ಕ್ಲಾಸು. ನಾಲ್ಕು ತಿಂಗಳಿಂದ ರಾತ್ರಿ ಎರಡರವರೆಗೂ ಮೊಬೈಲ್ ಗೇಮ್. ಊಟಕ್ಕೆ ಕೂತಾಗ ಮೊಬೈಲ್ ಗುಂಯ್ ಅಂದರೆ ತುತ್ತು ತಟ್ಟೆಯಲ್ಲೇ ಬಿಟ್ಟು ಏಳುತ್ತಾನೆ. ಕಾಲೇಜು, ಭಾನುವಾರದ ಕ್ರಿಕೆಟ್ ಮಾತ್ರ ತಪ್ಪಿಸಿಲ್ಲ. ವಾಟ್ಸ್ಯಾಪಿನಲ್ಲಿ ಕೆಂಪು ಚುಕ್ಕೆಗಳಿರುವ ಮಿದುಳಿನ ಚಿತ್ರ ಬಂತು. ಗೇಮ್ ಆಡುವವರ ಮಿದುಳು ಹಾಗೆ ಸುಟ್ಟುಹೋಗುತ್ತದಂತೆ. ಮೊಬೈಲ್ ಕಸಿದುಕೊಳ್ಳಲೇ?"

ಅಕ್ಕಾ, ಮೊದಲು ಆ ಚಿತ್ರವನ್ನು ಅಳಿಸಿಬಿಡಿ. ಅಂಥ ಸ್ಕ್ಯಾನಿನಲ್ಲಿ ಮಿದುಳಿನ ಯಾವ ಭಾಗ ಜಾಸ್ತಿ ಚುರುಕಾಯಿತೋ ಅಲ್ಲಿಗೆ ಕಂಪ್ಯೂಟರ್ ಬಣ್ಣ ಹಚ್ಚುತ್ತದೆ, ಅಷ್ಟೇ. ನೀವು ಹಾಲಿನ ಲೆಕ್ಕ ಹಾಕುವಾಗ ತೆಗೆದರೂ ಚುಕ್ಕೆ ಬರುತ್ತದೆ.

ಹಾಗಂತ ಸುಮ್ನೆ ಹುಟ್ಟಿದ ಸುದ್ದಿಯೂ ಅಲ್ಲ. 2009ರಲ್ಲಿ ತೈವಾನಿನ ಸಂಶೋಧಕರು ಗೇಮಿನ ಗೀಳು ಹತ್ತಿದ 10 ಮಂದಿಗೂ ಗೀಳಿಲ್ಲದ 10 ಮಂದಿಗೂ ಸ್ಕ್ಯಾನರ್ ಒಳಗೆ ಗೇಮಿನ ಚಿತ್ರಗಳನ್ನು ತೋರಿಸಿದ ಅಧ್ಯಯನ ಪ್ರಕಟಿಸಿದರು. ಆಡಲು ಕೊಡಲಿಲ್ಲ, ಬರೀ ಚಿತ್ರ. ಗೀಳಿನವರಲ್ಲಿ ನ್ಯೂಕ್ಲಿಯಸ್ ಅಕಂಬೆನ್ಸ್‌ನಂಥ, ಖುಷಿ ಮತ್ತು ಆಸೆಗೆ ಸಂಬಂಧಪಟ್ಟ ಭಾಗಗಳು ಎದ್ದು ಕೂತವು. 'ಆಡಲೇಬೇಕು' ಅನ್ನುವ ತುಡಿತ ಜಾಸ್ತಿಯಾದಷ್ಟೂ ಅಲ್ಲಿನ ಚಟುವಟಿಕೆಯೂ ಜಾಸ್ತಿ. ಮಾದಕ ವಸ್ತುಗಳ ಚಟದಲ್ಲೂ ಹೆಚ್ಚುಕಡಿಮೆ ಇವೇ ಭಾಗಗಳು ಕೆರಳುತ್ತವೆ. ಆದರೆ ಇದ್ದದ್ದು 20 ಜನ. ಗೇಮಿನಿಂದ ಮಿದುಳು ಹಾಗಾಯಿತೋ, ಮಿದುಳು ಹಾಗಿದ್ದುದರಿಂದ ಗೇಮ್ ಅಂಟಿಕೊಂಡಿತೋ, ಈ ಸ್ಕ್ಯಾನಿನಿಂದ ತಿಳಿಯುವುದಿಲ್ಲ.

2010ರಲ್ಲಿ ಕೊರಿಯಾದವರು ಸ್ಟಾರ್‌ಕ್ರಾಫ್ಟ್ ಎಂಬ ಕಂಪ್ಯೂಟರ್ ಗೇಮಿನ ಗೀಳಿನವರಿಗೆ ಆರು ವಾರ ಬುಪ್ರೊಪಿಯಾನ್ ಎಂಬ ಮಾತ್ರೆ ಕೊಟ್ಟು ನೋಡಿದರು. ತುಡಿತ, ಆಡುವ ಹೊತ್ತು, ಚಿತ್ರ ಕಂಡಾಗಿನ ಮಿದುಳಿನ ಅಬ್ಬರ, ಮೂರೂ ಇಳಿದವು. ಸುಟ್ಟುಹೋದದ್ದು ಹೀಗೆ ಇಳಿಯುತ್ತದಾ? (ಮೆಡಿಕಲ್ ಅಂಗಡಿಗೆ ಓಡಬೇಡಿ. ಅದು ಡಾಕ್ಟರೇ ಕೊಡಬೇಕಾದ ಮಾತ್ರೆ.)

ನಿಮ್ಮ ಪತ್ರದಲ್ಲಿ ನನಗೆ ಮುಖ್ಯ ಅನ್ನಿಸಿದ್ದು ಆ ಗುಂಯ್. ಸ್ಟೇಷನ್ ಹೊರಗೆ ವಡಾಪಾವಿನ ವಾಸನೆ ಬಂದರೆ ಹಸಿವಿಲ್ಲದಿದ್ದರೂ ಕಾಲು ನಿಲ್ಲುತ್ತದೆ, ಅಲ್ವಾ? ತುಡಿತವನ್ನು ಎಬ್ಬಿಸುವುದೇ ಇಂಥ ಕರೆ. ಕಸಿದುಕೊಂಡರೆ ಜಗಳ ಗ್ಯಾರಂಟಿ, ಆಮೇಲೆ ಗೆಳೆಯನ ಫೋನಿದೆ. ಅದಕ್ಕಿಂತ ಅವನನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಗೇಮಿನ ನೋಟಿಫಿಕೇಶನ್ ಆಫ್ ಮಾಡಿಸಿ. ಐಕಾನ್ ಮೊದಲ ಸ್ಕ್ರೀನಿನಿಂದ ತೆಗೆಸಿ. ರಾತ್ರಿ ಚಾರ್ಜಿಂಗ್ ಅಡುಗೆಮನೆಯಲ್ಲಿ, ನಿಮ್ಮ ಫೋನೂ ಅಲ್ಲೇ ಇರಲಿ. ಒನ್ ರೂಮ್ ಕಿಚನ್ ಮನೆಯಲ್ಲೂ ಅಷ್ಟು ದೂರ ಸಾಕು.

ಕಾಯಿಲೆ ಎಂಬ ಹಣೆಪಟ್ಟಿ ಈಗಲೇ ಬೇಡ. 2022ರ ಜನವರಿಯಿಂದ ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ 'ಗೇಮಿಂಗ್ ಡಿಸಾರ್ಡರ್' ಇದೆ, ನಿಜ. ಅದಕ್ಕೆ ಹಿಡಿತ ತಪ್ಪಬೇಕು, ಓದು-ಮನೆ-ಸ್ನೇಹ ಕೆಡಬೇಕು, ಅದೂ ಸಾಮಾನ್ಯವಾಗಿ ಒಂದು ವರ್ಷದಷ್ಟು ಕಾಲ. ಕ್ರಿಕೆಟ್ಟೂ ಬಿಟ್ಟು ಕೋಣೆ ಸೇರಿದರೆ ಮಾತ್ರ ವರ್ಷ ತುಂಬಲಿ ಅಂತ ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ದುಡ್ಡು ಕೊಡಬೇಕಿಲ್ಲ.

-ಸಂ.