ಅರ್ಧ ಬಾಳೆಹಣ್ಣು

ನನ್ನ ಹತ್ತಿರ ಆಹಾರದ ಸಲಹೆಗೆ ಬಂದ ಒಬ್ಬರ ಕಥೆ ಇದು. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.

ಅವರಿಗೆ 34 ವರ್ಷ. 21 ಕಿಲೋಮೀಟರ್ ಓಟಕ್ಕೆ ತಯಾರಿ ನಡೆಸಿದ್ದರು. "ಮೇಡಂ, ಏಳನೇ ಕಿಲೋಮೀಟರ್ ದಾಟಿದ್ರೆ ಕಾಲು ಎತ್ತೋಕೇ ಆಗಲ್ಲ. ಕಣ್ಣು ಕತ್ತಲೆ ಬರುತ್ತೆ. ನನ್ನ ಮನಸ್ಸೇ ಗಟ್ಟಿ ಇಲ್ಲ ಅನ್ಸುತ್ತೆ" ಅಂದರು. ಕಣ್ಣು ಕತ್ತಲೆ ಅಂದಾಗ ನಾನು ಸುಮ್ಮನಿರುವುದಿಲ್ಲ. ಮೊದಲು ವೈದ್ಯರ ಹತ್ತಿರ ಕಳಿಸಿದೆ. ರಕ್ತಪರೀಕ್ಷೆಯಲ್ಲಿ ತೊಂದರೆ ಏನೂ ಕಾಣಲಿಲ್ಲ.

ಆಮೇಲೆ ದಿನಚರಿ ಕೇಳಿದೆ. ರಾತ್ರಿ ಏಳಕ್ಕೆ ಊಟ, ಬೆಳಿಗ್ಗೆ ಐದೂವರೆಗೆ ಓಟ. ಮಧ್ಯೆ ನೀರು ಬಿಟ್ಟರೆ ಏನೂ ಇಲ್ಲ. ಒಂದೇ ಒಂದು ಸಲ ಓಟಕ್ಕೆ ಹತ್ತು ನಿಮಿಷ ಮುಂಚೆ ದೊಡ್ಡ ಬಟ್ಟಲು ತುಂಬ ಕಲ್ಲಂಗಡಿ, ಸೇಬು ತಿಂದಿದ್ದರು. ಅವತ್ತು ಹೊಟ್ಟೆ ಹಿಡಿದುಕೊಂಡು ಅರ್ಧದಲ್ಲೇ ವಾಪಸ್. ಹಣ್ಣು ತನಗೆ ಆಗಿಬರಲ್ಲ ಅಂತ ತೀರ್ಮಾನಿಸಿಬಿಟ್ಟಿದ್ದರು.

ಎರಡನೇ ಭೇಟಿಯಲ್ಲಿ ಒಂದು ಬಾಳೆಹಣ್ಣು ಕೊಟ್ಟೆ. ಸಿಪ್ಪೆ ಸುಲಿದು, ಸರಿಯಾಗಿ ನಡುವೆ ಮುರಿದರು. ಒಂದು ತುಂಡನ್ನು ಮೇಜಿನ ಆ ಕಡೆ ಸರಿಸಿ, "ಇದು ಓಡಿ ಬಂದ್ಮೇಲೆ" ಅಂದರು. ಯಾಕೆ ಅಂತ ಕೇಳಿದೆ. "ಹಣ್ಣಲ್ಲೂ ಸಕ್ಕರೆನೇ ಅಲ್ವಾ? ಕರಗಿಸೋಕೆ ಓಡೋದು, ಮೊದಲೇ ತಿಂದ್ರೆ ಏನು ಬಂತು?"

ನಿಜವಾದ ಗಂಟು ಇಲ್ಲೇ ಇತ್ತು. ತಿನ್ನುವುದನ್ನು ಓಡಿ ದುಡಿದುಕೊಳ್ಳಬೇಕು ಅಂತ ಅವರು ನಂಬಿದ್ದರು. ಇಂಥವರು ನನ್ನ ಹತ್ತಿರ ಬಹಳ ಜನ ಬರುತ್ತಾರೆ. ನನಗೆ ಪ್ರತಿ ಸಲವೂ ಸಂಕಟವಾಗುತ್ತದೆ.

ನಿದ್ದೆಯಲ್ಲೂ ಮಿದುಳಿಗೆ ಸಕ್ಕರೆ ಬೇಕು ಅಂತ ವಿವರಿಸಿದೆ. ಲಿವರ್ ತಾನು ಕೂಡಿಟ್ಟ ಸಕ್ಕರೆಯ ದಾಸ್ತಾನಾದ ಗ್ಲೈಕೋಜೆನ್‌ನಿಂದ ರಾತ್ರಿಯಿಡೀ ಅದನ್ನು ಒದಗಿಸುತ್ತದೆ. ಬೆಳಗಾಗುವಷ್ಟರಲ್ಲಿ ಆ ದಾಸ್ತಾನು ಸಾಕಷ್ಟು ಇಳಿದಿರುತ್ತದೆ. ಅದನ್ನು ತುಂಬದೆ ದೂರ ಓಡಿದರೆ ಎಂಥ ಗಟ್ಟಿ ಮನಸ್ಸಿನವರೂ ಸೋಲಬಹುದು. ಇನ್ನು ಹೊಟ್ಟೆನೋವಿನ ಮಾತು. ಓಡುವಾಗ ರಕ್ತ ಕಾಲಿನ ಕಡೆ ಹರಿಯುತ್ತದೆ, ಕರುಳಿಗೆ ಕಡಿಮೆ. ಸೇಬಿನಲ್ಲಿ ನಾರು ಜಾಸ್ತಿ. ಸೇಬು, ಕಲ್ಲಂಗಡಿ ಎರಡರಲ್ಲೂ ಇರುವ ಸಕ್ಕರೆಗಳಲ್ಲಿ ಗ್ಲೂಕೋಸ್‌ಗಿಂತ ಫ್ರಕ್ಟೋಸ್ ಜಾಸ್ತಿ. ಅದು ಪೂರ್ತಿ ಹೀರಿಕೊಳ್ಳದೆ ಉಳಿದರೆ ಹೊಟ್ಟೆ ಉಬ್ಬರಿಸುತ್ತದೆ. ಕಳಿತ ಬಾಳೆಹಣ್ಣಿನಲ್ಲಿ ಗ್ಲೂಕೋಸ್, ಫ್ರಕ್ಟೋಸ್ ಎರಡೂ ಹೆಚ್ಚುಕಡಿಮೆ ಸಮ.

ಕೊಟ್ಟ ಸಲಹೆ ಇಷ್ಟೇ. ಓಟಕ್ಕೆ ಅರ್ಧ ಮುಕ್ಕಾಲು ಗಂಟೆ ಮುಂಚೆ ಚೆನ್ನಾಗಿ ಹಣ್ಣಾದ ಮಧ್ಯಮ ಗಾತ್ರದ ಬಾಳೆಹಣ್ಣು, ಇಡಿಯಾಗಿ. ಅದರಲ್ಲಿ ಸುಮಾರು 27 ಗ್ರಾಂ ಕಾರ್ಬೋಹೈಡ್ರೇಟ್ ಇರುತ್ತದೆ. ಒಂದು ಗಂಟೆಯೊಳಗಿನ ಓಟವಾದರೆ ದಾರಿಯಲ್ಲಿ ಏನೂ ಬೇಡ. ಅದಕ್ಕೂ ಉದ್ದವಾದರೆ ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಬೇಕಾಗುತ್ತದೆ. 40 ಗ್ರಾಂ ಒಣದ್ರಾಕ್ಷಿ ಜೇಬಿನಲ್ಲಿದ್ದರೆ 30 ಗ್ರಾಂ ಸಿಕ್ಕ ಹಾಗೆ. ಒಮ್ಮೆಲೇ ಬೇಡ, ಇಪ್ಪತ್ತು ನಿಮಿಷಕ್ಕೊಮ್ಮೆ ಅದರ ಮೂರನೇ ಒಂದು ಭಾಗ, ಜೊತೆಗೆ ಒಂದೆರಡು ಗುಟುಕು ನೀರು. ಸ್ಪರ್ಧೆಯ ದಿನ ಹೊಸದೇನನ್ನೂ ಪ್ರಯೋಗ ಮಾಡಬೇಡಿ ಅಂದೆ. ಕರುಳಿಗೂ ಅಭ್ಯಾಸ ಬೇಕು. (ಇನ್ಸುಲಿನ್ ತೆಗೆದುಕೊಳ್ಳುವವರು ಈ ಲೆಕ್ಕವನ್ನು ತಮ್ಮ ವೈದ್ಯರ ಜೊತೆ ಕೂತೇ ಹಾಕಬೇಕು.)

ಐದು ವಾರದ ನಂತರ ಬಂದಾಗ 16 ಕಿಲೋಮೀಟರ್ ನಿಲ್ಲದೆ ಓಡಿದ್ದರು. ಹೊಟ್ಟೆನೋವು ಬಂದಿರಲಿಲ್ಲ. ಆದರೂ ಹಣ್ಣು ಸುಲಿಯುವಾಗ ನಡುವೆ ಮುರಿಯೋಕೆ ಕೈ ಹೋಗುತ್ತೆ ಅಂದರು. ಅದಕ್ಕೇ ಇನ್ನೂ ಎರಡು ಭೇಟಿ ಇಟ್ಟುಕೊಂಡಿದ್ದೇವೆ.