ದೇವರಾಯನದುರ್ಗದ ಕಡೆ ಕಾಡುದಾರಿಯಲ್ಲಿ ಓಡಲು ಎಂಥ ಶೂ ತಗೊಳ್ಳಬೇಕು?

ನಿಮ್ಮ ಪ್ರಶ್ನೆ ಇಷ್ಟು ಅಲ್ವಾ: ತುಮಕೂರಿನಲ್ಲಿದ್ದೀರಿ, ಇಷ್ಟು ದಿನ ಟಾರು ರಸ್ತೆಯಲ್ಲಿ ಓಡಿದ್ದೀರಿ. ಈಗ ನಾಮದ ಚಿಲುಮೆ, ದೇವರಾಯನದುರ್ಗದ ಕಡೆ ಓಡಬೇಕು ಅಂತಿದ್ದೀರಿ. ದಾರಿಯಲ್ಲಿ ಟಾರು, ಮಣ್ಣು, ಬಂಡೆ, ಒಣ ಎಲೆ ಎಲ್ಲ ಸಿಗುತ್ತದೆ. ಬಜೆಟ್ ಐದು ಸಾವಿರದ ಆಸುಪಾಸು. ಅಂಗಡಿಯವರು ದಪ್ಪ ಗ್ರಿಪ್ ಇರುವ ವಾಟರ್‌ಪ್ರೂಫ್ ಶೂನೇ ತಗೊಳ್ಳಿ ಅಂದಿದ್ದಾರೆ. ತಗೊಳ್ಳಬೇಕಾ?

ಬೇಡ. ದಪ್ಪ ಗ್ರಿಪ್ಪೂ ಬೇಡ, ವಾಟರ್‌ಪ್ರೂಫೂ ಬೇಡ.

ಶೂ ಅಟ್ಟೆಯ, ಅಂದರೆ ಸೋಲಿನ, ಕೆಳಗೆ ಎದ್ದು ನಿಂತಿರುವ ರಬ್ಬರ್ ಗುಬುಟುಗಳಿಗೆ ಲಗ್ ಅಂತಾರೆ. ಐದಾರು ಮಿಲಿಮೀಟರ್ ಎತ್ತರದ ಲಗ್ ಮಾಡಿರುವುದು ಮೆತ್ತಗಿನ ಕೆಸರಿಗೆ, ಒದ್ದೆ ಹುಲ್ಲಿಗೆ. ಅಲ್ಲಿ ಅದು ನೆಲದೊಳಗೆ ಇಳಿದು ಹಿಡಿಯುತ್ತದೆ. ನಮ್ಮ ಕಡೆ ವರ್ಷದಲ್ಲಿ ಹೆಚ್ಚು ದಿನ ನೆಲ ಒಣಗಿ ಕಲ್ಲಿನ ಹಾಗೇ ಇರುತ್ತದೆ. ಜೋರು ಮಳೆ ಬರುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ, ಅದಕ್ಕೆ ಮುಂಚೆ ಮೇನಲ್ಲಿ ಒಂದಷ್ಟು. ಗಟ್ಟಿ ನೆಲದ ಮೇಲೆ ಎತ್ತರದ ಲಗ್ ಇಳಿಯುವುದಿಲ್ಲ. ಅದರ ತುದಿ ಮಾತ್ರ ತಾಗುತ್ತದೆ, ಕಾಲು ಅದರ ಮೇಲೆ ಓಲಾಡುತ್ತದೆ. ಬಂಡೆ ಮೇಲೆ ಇನ್ನೂ ಕಷ್ಟ. ಬಂಡೆಗೆ ಎಷ್ಟು ಜಾಸ್ತಿ ರಬ್ಬರ್ ತಾಗುತ್ತದೋ ಅಷ್ಟು ಹಿಡಿತ. ಜೊತೆಗೆ ಮನೆಯಿಂದ ಟಾರು ರಸ್ತೆಯಲ್ಲೇ ಓಡಿಕೊಂಡು ಹೋದರೆ ಆ ಲಗ್ಗುಗಳು ಬೇಗ ಸವೆದುಹೋಗುತ್ತವೆ. ಮೂರರಿಂದ ನಾಲ್ಕು ಮಿಲಿಮೀಟರ್ ನಿಮಗೆ ಸಾಕು. ಸಲೊಮನ್ ಸ್ಪೀಡ್‌ಕ್ರಾಸ್ ನೋಡೋಕೆ ಚೆನ್ನಾಗಿದೆ ಅಂತ ಎಲ್ಲರೂ ಕೇಳುತ್ತಾರೆ. ಅದು ಕೆಸರಿನ ಶೂ. ಸಕಲೇಶಪುರದ ಮಳೆಗಾಲಕ್ಕಾದರೆ ನಾನೇ ತಗೊಳ್ಳಿ ಅನ್ನುತ್ತಿದ್ದೆ.

ನಮ್ಮ ದಾರಿಗಳಲ್ಲಿ ನಿಜವಾಗಿ ಬೀಳಿಸುವುದು ಕೆಸರಲ್ಲ, ಗರಸು. ಮಳೆ ನೀರು ಹರಿದು ಕೊರೆದ ಇಳಿಜಾರು ದಾರಿ ನೋಡಿರುತ್ತೀರಿ. ಕೆಳಗೆ ಗಟ್ಟಿ ಕೆಂಪು ನೆಲ, ಅದರ ಮೇಲೆ ಸಣ್ಣ ಸಣ್ಣ ಹರಳು. ಸಿಮೆಂಟ್ ನೆಲದ ಮೇಲೆ ರಾಗಿ ಚೆಲ್ಲಿದ ಹಾಗೆ. ಅಲ್ಲಿ ಯಾವ ಲಗ್ಗೂ ಪೂರ್ತಿ ಕಾಪಾಡುವುದಿಲ್ಲ, ಯಾಕೆಂದರೆ ಜಾರುವುದು ಶೂ ಅಲ್ಲ, ಶೂ ಕೆಳಗಿನ ಹರಳು. ಆದರೂ ಸೋಲ್ ಅಗಲವಾಗಿದ್ದು, ಲಗ್ಗುಗಳು ಸ್ವಲ್ಪ ದೂರ ದೂರ ಇದ್ದು, ಹಿಮ್ಮಡಿ ಭಾಗದಲ್ಲಿ ಅವು ಹಿಂದುಮುಂದಾಗಿ ತಿರುಗಿದ್ದರೆ ಇಳಿಯುವಾಗ ಬ್ರೇಕ್ ಹಾಕಲು ಅನುಕೂಲ. ಅಂಗಡಿಯಲ್ಲಿ ಶೂ ತಲೆಕೆಳಗು ಮಾಡಿ ನೋಡಿ. ಮುಂಪಾದದ ಲಗ್ಗುಗಳು ಒಂದು ಕಡೆಗೆ, ಹಿಮ್ಮಡಿಯವು ಇನ್ನೊಂದು ಕಡೆಗೆ ಮುಖ ಮಾಡಿರುತ್ತವೆ. ಮುಂದಿನವು ಹತ್ತುವುದಕ್ಕೆ, ಹಿಂದಿನವು ಇಳಿಯುವುದಕ್ಕೆ. ಲಗ್ಗುಗಳ ನಡುವೆ ಜಾಗ ಇರುವುದರಿಂದ ಇನ್ನೊಂದು ಲಾಭವಿದೆ: ಕೆರೆ ಅಂಗಳದ ಜೇಡಿಮಣ್ಣು ಮೆತ್ತಿಕೊಂಡರೂ ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ಉದುರುತ್ತದೆ. ಒತ್ತೊತ್ತಾಗಿದ್ದರೆ ಒಂದೊಂದು ಕಾಲಿಗೂ ಅರ್ಧ ಕೆಜಿ ಮಣ್ಣು ಹೊತ್ತುಕೊಂಡು ಓಡಬೇಕು.

ರಬ್ಬರ್ ವಿಷಯ ಲಗ್ಗಿಗಿಂತ ಮುಖ್ಯ. ಮೆತ್ತಗಿನ, ಅಂಟುವ ರಬ್ಬರ್ ಬಂಡೆ ಮೇಲೆ ಚೆನ್ನಾಗಿ ಹಿಡಿಯುತ್ತದೆ, ಟಾರಿನ ಮೇಲೆ ಬೇಗ ಸವೆಯುತ್ತದೆ. ಗಟ್ಟಿ ರಬ್ಬರ್ ಬಹಳ ದಿನ ಬಾಳುತ್ತದೆ, ಒದ್ದೆ ಬಂಡೆ ಮೇಲೆ ಕೈ ಕೊಡುತ್ತದೆ. ಎರಡೂ ಒಂದರಲ್ಲೇ ಪೂರ್ತಿ ಸಿಗುವುದಿಲ್ಲ. ವೈಬ್ರಮ್ ಕಂಪನಿಯ ಮೆಗಾಗ್ರಿಪ್ ರಬ್ಬರ್ ಒದ್ದೆ ಕಲ್ಲಿನ ಮೇಲೂ ಚೆನ್ನಾಗಿ ನಿಲ್ಲುತ್ತದೆ, ಆದರೆ ಅದಿರುವ ಹೋಕಾ ಸ್ಪೀಡ್‌ಗೋಟ್‌ನಂಥ ಶೂಗಳು ನಿಮ್ಮ ಬಜೆಟ್ಟನ್ನು ಎಲ್ಲೋ ದಾಟಿಹೋಗುತ್ತವೆ. ಅಂಗಡಿಯಲ್ಲಿ ಎರಡು ಶೂ ಪಕ್ಕಪಕ್ಕ ಇಟ್ಟು ಲಗ್ಗಿನ ಮೇಲೆ ಹೆಬ್ಬೆರಳ ಉಗುರು ಒತ್ತಿ. ಯಾವುದು ಸ್ವಲ್ಪ ತಗ್ಗುತ್ತದೋ ಅದು ಮೆತ್ತಗಿನದು. ಒರಟು ಪರೀಕ್ಷೆ, ಆದರೆ ಉಪಯೋಗಕ್ಕೆ ಬರುತ್ತದೆ. ಇನ್ನು ಪಾಚಿ ಕಟ್ಟಿದ ಬಂಡೆ ಕಂಡರೆ, ಎಷ್ಟೇ ದುಡ್ಡಿನ ಶೂ ಹಾಕಿದ್ದರೂ ಸುಮ್ನೆ ನಡೆದುಕೊಂಡು ಹೋಗಿ. ಮಧುಗಿರಿಯ ಏಕಶಿಲಾ ಬೆಟ್ಟದಂಥ ಕಡಿದಾದ ಬಂಡೆಗಳಲ್ಲಿ ಮಳೆ ಬಂದ ಮೇಲೆ ಓಡುವ ಯೋಚನೆಯೇ ಬೇಡ.

ಈಗ ಮುಳ್ಳು. ಹೊರಗಿನವರು ಬರೆದ ಶೂ ವಿಮರ್ಶೆಗಳಲ್ಲಿ ಇದರ ಸುದ್ದಿಯೇ ಇರುವುದಿಲ್ಲ. ಬಳ್ಳಾರಿ ಜಾಲಿ ಮುಳ್ಳು ಎರಡು ಮೂರು ಸೆಂಟಿಮೀಟರ್ ಉದ್ದ ಇರುತ್ತದೆ. ಲಗ್ಗುಗಳ ನಡುವೆ ರಬ್ಬರ್ ತೆಳ್ಳಗಿರುವ ಕಡೆ, ಕೆಲವು ಶೂಗಳಲ್ಲಿ ರಬ್ಬರೇ ಇಲ್ಲದೆ ಫೋಮ್ ಕಾಣುವ ಕಡೆ, ಅದು ಸಲೀಸಾಗಿ ಒಳಗೆ ಹೋಗುತ್ತದೆ. ಹೋದ ತಕ್ಷಣ ಗೊತ್ತಾಗುವುದಿಲ್ಲ. ದಪ್ಪ ಫೋಮಿನಲ್ಲಿ ಮುರಿದು ಕೂತಿರುತ್ತದೆ. ಹೆಜ್ಜೆ ಹಾಕಿದಾಗೆಲ್ಲ ಫೋಮ್ ಅದುಮಿ ಅದುಮಿ ಮುಳ್ಳು ಮೇಲಕ್ಕೆ ಬರುತ್ತದೆ, ಒಂದೆರಡು ದಿನ ಬಿಟ್ಟು ರಸ್ತೆಯಲ್ಲಿ ಓಡುವಾಗ ಚುಚ್ಚುತ್ತದೆ. ಆಗ ಇನ್‌ಸೋಲ್ ತೆಗೆದು ಒಳಗಡೆ ಬೆರಳಾಡಿಸಿದರೆ ತುದಿ ಸಿಗುತ್ತದೆ, ನೈಲ್ ಕಟರಿನಿಂದ ಹಿಡಿದು ಎಳೆಯಬೇಕು. ಅದಕ್ಕೇ ನಾನು ಹೇಳುವುದು, ಸೋಲಿನ ಅಡಿ ಪೂರ್ತಿ ರಬ್ಬರ್ ಇರುವ ಶೂ ನೋಡಿ. ರಾಕ್ ಪ್ಲೇಟ್ ಇದ್ದರೆ ಇನ್ನೂ ಒಳ್ಳೆಯದು. ಮುಂಪಾದದ ಕೆಳಗೆ ಸೋಲಿನೊಳಗೆ ಕೂರಿಸಿದ ತೆಳ್ಳಗಿನ ಪ್ಲಾಸ್ಟಿಕ್ ಹಾಳೆ ಅದು. ಚೂಪು ಕಲ್ಲು ಒತ್ತುವುದನ್ನು ತಡೆಯುವುದಕ್ಕೆ ಅಂತ ಹಾಕುತ್ತಾರೆ, ನಮಗೆ ಮುಳ್ಳಿಗೂ ಆಗುತ್ತದೆ. ರಸ್ತೆ ಓಟದ ಶೂನಲ್ಲಿ ಕಾಡಿಗೆ ಹೋದರೆ ಏನಾಗುತ್ತದೆ ಅಂತ ಕೇಳುವವರಿಗೂ ಇದೇ ಉತ್ತರ. ಸಮತಟ್ಟು ಮಣ್ಣಿನ ದಾರಿಯಲ್ಲಿ ಏನೂ ಆಗುವುದಿಲ್ಲ, ಧಾರಾಳವಾಗಿ ಓಡಬಹುದು. ಮುಳ್ಳು, ಕಲ್ಲು ಇರುವ ಕಡೆ ಕೆಳಗಡೆ ಫೋಮ್ ಹರಿಯುತ್ತದೆ, ಮೇಲ್ಗಡೆ ಜಾಲರಿ ಬಟ್ಟೆ ಲಂಟಾನಕ್ಕೆ ಸಿಕ್ಕಿ ಕಿತ್ತುಬರುತ್ತದೆ.

ಬೆರಳಿನ ತುದಿಗೆ ಗಟ್ಟಿ ರಬ್ಬರ್ ಕಟ್ಟು ಇರಲೇಬೇಕು. ಒಣ ಎಲೆ ಕೆಳಗೆ ಮರದ ಬೇರು, ಕಲ್ಲು ಕಾಣುವುದಿಲ್ಲ. ಎಡವುವುದು ಗ್ಯಾರಂಟಿ.

ವಾಟರ್‌ಪ್ರೂಫ್ ಯಾಕೆ ಬೇಡ ಅಂದೆ ಅಂದರೆ, ಗೋರ್‌ಟೆಕ್ಸ್‌ನಂಥ ಪದರ ಹೊರಗಿನ ನೀರನ್ನು ತಡೆಯುತ್ತದೆ, ಸರಿ. ಆದರೆ ನೀರು ಮೇಲಿನಿಂದ, ಕಾಲು ತೂರಿಸುವ ಬಾಯಿಯಿಂದಲೇ ಬಂದರೆ? ಒಳಗೇ ನಿಲ್ಲುತ್ತದೆ, ಹೊರಗೆ ಹೋಗುವುದಿಲ್ಲ. ಒಣ ದಿನಗಳಲ್ಲಿ ನಿಮ್ಮ ಬೆವರೇ ಸಾಕು ಸಾಕ್ಸ್ ಒದ್ದೆ ಮಾಡಲು. ಒದ್ದೆ ಚರ್ಮ ಉಜ್ಜಿದರೆ ಬೊಬ್ಬೆ. ಮಾಮೂಲಿ ಜಾಲರಿ ಬಟ್ಟೆಯ ಶೂ ನೆನೆದರೂ ಓಡುತ್ತಾ ಓಡುತ್ತಾ ನೀರು ಹಿಂಡಿ ಹೋಗುತ್ತದೆ. ಆದರೆ ಜಾಲರಿ ತೀರಾ ದೊಡ್ಡ ಕಣ್ಣಿನದಾಗಿರಬಾರದು, ಕೆಂಪು ಧೂಳು ಒಳಗೆ ತುಂಬಿಕೊಳ್ಳುತ್ತದೆ.

ಇನ್ನು ಸೈಜ್. ಇದರಲ್ಲಿ ಮಾತ್ರ ಯಾರ ಮಾತೂ ಕೇಳಬೇಡಿ, ನನ್ನದೂ ಸೇರಿ. ನಿಮ್ಮ ಕಾಲು ಹೇಳಿದ್ದನ್ನು ಕೇಳಿ. ಸಂಜೆ ಹೊತ್ತು ಅಂಗಡಿಗೆ ಹೋಗಿ, ಆಗ ಪಾದ ಸ್ವಲ್ಪ ಊದಿರುತ್ತದೆ. ಓಡುವಾಗಲೂ ಹಾಗೇ ಊದುತ್ತದೆ. ಓಡುವಾಗ ಹಾಕುವ ಸಾಕ್ಸನ್ನೇ ತಗೊಂಡು ಹೋಗಿ. ಎದ್ದು ನಿಂತಾಗ ಉದ್ದ ಬೆರಳಿನ ಮುಂದೆ ಒಂದು ಹೆಬ್ಬೆರಳ ಅಗಲ ಜಾಗ ಇರಬೇಕು. ಎಲ್ಲರಿಗೂ ಹೆಬ್ಬೆರಳೇ ಉದ್ದ ಇರುವುದಿಲ್ಲ, ಕೆಲವರಿಗೆ ಪಕ್ಕದ ಬೆರಳು ಉದ್ದ. ಎರಡೂ ಕಾಲಿಗೆ ಹಾಕಿ ನೋಡಿ, ದೊಡ್ಡ ಕಾಲಿಗೆ ತಕ್ಕ ಸೈಜ್ ತಗೊಳ್ಳಿ. ಆಮೇಲೆ ಅಂಗಡಿಯ ಮೆಟ್ಟಿಲೋ ರ‍್ಯಾಂಪೋ ಇದ್ದರೆ ನಾಲ್ಕು ಸಲ ಬಿರುಸಾಗಿ ಇಳಿಯಿರಿ. ಬೆರಳು ಮುಂದಕ್ಕೆ ಹೋಗಿ ತಾಗಿತೋ, ಆ ಶೂ ಬಿಟ್ಟುಬಿಡಿ. ದೇವರಾಯನದುರ್ಗದ ಯೋಗನರಸಿಂಹ ದೇವಸ್ಥಾನದಿಂದ ಕೆಳಗಿನವರೆಗೆ ಇಳಿಯುವಾಗ ಅದು ನೂರಾರು ಸಲ ತಾಗುತ್ತದೆ, ಉಗುರು ಕಪ್ಪಗಾಗುತ್ತದೆ. ಮುಂದೆ ಜಾಗ ಇರಬೇಕು, ಹಿಂದೆ ಹಿಮ್ಮಡಿ ಮಾತ್ರ ಅಲ್ಲಾಡಬಾರದು. ಸ್ವಲ್ಪ ಅಲ್ಲಾಡಿದರೆ ಲೇಸನ್ನು ಮೇಲಿನ ಕೊನೆಯ ಎರಡು ತೂತಿಗೆ ಅದೇ ಬದಿಯಲ್ಲೇ ಹಾಕಿ ಚಿಕ್ಕ ಕುಣಿಕೆ ಮಾಡಿ, ಎದುರು ಬದಿಯ ಲೇಸನ್ನು ಆ ಕುಣಿಕೆಯೊಳಗೆ ತೂರಿಸಿ ಬಿಗಿದು ಕಟ್ಟಿ. ಹಿಮ್ಮಡಿ ಅಲ್ಲೇ ನಿಲ್ಲುತ್ತದೆ. ನಮ್ಮಲ್ಲಿ ಬರಿಗಾಲಲ್ಲಿ, ಚಪ್ಪಲಿಯಲ್ಲಿ ಬೆಳೆದವರ ಪಾದ ಮುಂದೆ ಅಗಲ ಇರುತ್ತದೆ. ಹಾಗಿದ್ದರೆ ಕಿರುಬೆರಳ ಕಡೆ ಒತ್ತುವ ಶೂ ಎಷ್ಟೇ ಒಳ್ಳೆ ಬ್ರ್ಯಾಂಡ್ ಆದರೂ ಬೇಡ.

ಡ್ರಾಪ್ ಅಂತ ಒಂದು ಅಂಕಿ ಕಾಣುತ್ತದೆ. ಹಿಮ್ಮಡಿ ಮುಂಪಾದಕ್ಕಿಂತ ಎಷ್ಟು ಎತ್ತರದಲ್ಲಿದೆ ಅನ್ನುವ ಲೆಕ್ಕ. ನಿಮ್ಮ ಈಗಿನ ರಸ್ತೆ ಶೂನಲ್ಲಿ ಅದು ಎಂಟೋ ಹತ್ತೋ ಮಿಲಿಮೀಟರ್ ಇದ್ದರೆ ಹೊಸದರಲ್ಲೂ ಅದರ ಹತ್ತಿರವೇ ಇರಲಿ. ಒಂದೇ ಸಲ ಸೊನ್ನೆ ಡ್ರಾಪ್ ಶೂಗೆ ಹೋದರೆ ಮೀನಖಂಡ ಹಿಡಿದುಕೊಳ್ಳುತ್ತದೆ. ಎತ್ತರದ ಫೋಮ್ ಇರುವ ಶೂ ಮೇಲೂ ನನಗೆ ಅಷ್ಟು ಪ್ರೀತಿ ಇಲ್ಲ. ಕುಶನ್ ಹಿತವಾಗಿರುತ್ತದೆ, ನಿಜ. ಆದರೆ ಕಲ್ಲಿನ ಅಂಚಿನ ಮೇಲೆ ಕಾಲಿಟ್ಟಾಗ ಎತ್ತರದಿಂದ ಹೊರಳುತ್ತದೆ, ಕಾಲು ಉಳುಕುವುದು ಹಾಗೇ.

ಐದು ಸಾವಿರದೊಳಗೆ ಅಂದರೆ ಡೆಕಾತ್ಲಾನ್‌ನ ಟ್ರೈಲ್ ಶೂಗಳನ್ನು, ಅಂದರೆ ಕಾಡುದಾರಿ ಓಟದ ಶೂಗಳನ್ನು, ಮೊದಲು ನೋಡಿ. ಮೊದಲು ಎವಾಡಿಕ್ಟ್ ಹೆಸರಿನಲ್ಲಿ ಬರುತ್ತಿದ್ದವು, ಈಗ ಕಿಪ್ರನ್ ಹೆಸರಿನಲ್ಲಿ ಬರುತ್ತವೆ. ಬೆಂಗಳೂರಿಗೆ ಹೋದಾಗ ಹಾಕಿ ನೋಡಿಯೇ ತನ್ನಿ. ಆಸಿಕ್ಸ್, ಅಡಿಡಾಸ್ ಟೆರೆಕ್ಸ್‌ನ ಹಳೆಯ ಮಾಡೆಲ್‌ಗಳು ಆಫರ್ ಬಂದಾಗ ಹತ್ತಿರ ಹತ್ತಿರ ಈ ದರಕ್ಕೆ ಇಳಿಯುತ್ತವೆ. ಹೊಸ ಮಾಡೆಲ್ ಬಂದ ಮೇಲೆ ಹಳೆಯದು ಕೆಟ್ಟದಾಗುವುದಿಲ್ಲ. ಮುಂದೆ ಬಜೆಟ್ ಜಾಸ್ತಿ ಆದರೆ, ಅರ್ಧ ಟಾರು ಅರ್ಧ ಮಣ್ಣು ಓಡುವವರಿಗೆ ನೈಕಿ ಪೆಗಾಸಸ್ ಟ್ರೈಲ್‌ನಂಥ ಶೂ ಸರಿಹೋಗುತ್ತದೆ.

ಸಾಕ್ಸ್ ಬಗ್ಗೆ ಒಂದು ಮಾತು. ಹತ್ತಿ ಬೇಡ, ಸಿಂಥೆಟಿಕ್ ಇರಲಿ, ಹರಡು ಮುಚ್ಚುವಷ್ಟು ಎತ್ತರ ಇರಲಿ. ಮಳೆಗಾಲ ಮುಗಿದ ಮೇಲೆ ಉತ್ತರಾಣಿ ಬೀಜ ಮೆತ್ತಿಕೊಂಡು ಚುಚ್ಚುತ್ತಾ ಇರುತ್ತದೆ, ಬಿಡಿಸುವುದಕ್ಕೇ ಅರ್ಧ ಗಂಟೆ ಬೇಕು.

ಓಡಿ ಬಂದ ಮೇಲೆ ವಾಷಿಂಗ್ ಮಷೀನಿಗೆ ಹಾಕಬೇಡಿ, ಸೋಲಿನ ಅಂಟು ಬಿಡುತ್ತದೆ. ಬ್ರಷ್ಷಿನಲ್ಲಿ ಮಣ್ಣು ಉಜ್ಜಿ, ಒಳಗೆ ಪೇಪರ್ ತುರುಕಿ, ನೆರಳಲ್ಲಿ ಒಣಗಿಸಿ. ಐನೂರರಿಂದ ಎಂಟುನೂರು ಕಿಲೋಮೀಟರ್ ಆದ ಮೇಲೆ, ಹೊರಗೆ ಚೆನ್ನಾಗಿ ಕಂಡರೂ ಫೋಮ್ ಸತ್ತಿರುತ್ತದೆ.

ಶೂಗೆ ಸಂಬಂಧ ಇಲ್ಲದಿದ್ದರೂ ಹೇಳುತ್ತೇನೆ: ಆ ಕಾಡಿನಲ್ಲಿ ಚಿರತೆ, ಕರಡಿ ಎರಡೂ ಇವೆ. ನಸುಕಿನಲ್ಲಿ, ಮುಸ್ಸಂಜೆಯಲ್ಲಿ ಒಬ್ಬರೇ ಹೋಗಬೇಡಿ, ಕಿವಿಗೆ ಇಯರ್‌ಫೋನ್ ಬೇಡ. ಮುಖ್ಯ ದಾರಿ ಬಿಟ್ಟು ಒಳಗೆ ಹೋಗುವುದಾದರೆ ಅರಣ್ಯ ಇಲಾಖೆಯವರನ್ನು ಕೇಳಿಯೇ ಹೋಗಿ.

ಆನ್‌ಲೈನ್‌ನಲ್ಲೇ ತರಿಸುವುದಾದರೆ ಅರ್ಧ ಸೈಜ್ ವ್ಯತ್ಯಾಸದ ಎರಡು ಜೊತೆ ತರಿಸಿ, ಮನೆಯೊಳಗೆ ಮೆಟ್ಟಿಲು ಹತ್ತಿ ಇಳಿದು ನೋಡಿ, ಆಗದ್ದನ್ನು ವಾಪಸ್ ಕಳಿಸಿ. ಒಂದು ಸಲ ಅಂಗಳದ ಮಣ್ಣು ಮೆತ್ತಿತು ಅಂದರೆ ಅವರು ತಗೊಳ್ಳುವುದಿಲ್ಲ.