ಸಾವಿರದ ಇಪ್ಪತ್ತನಾಲ್ಕು ಮನೆಗಳ ಲೆಕ್ಕ

ಧಾರವಾಡದ ಓದುಗರೊಬ್ಬರ ಪತ್ರ: ‘ಸೂಸನ್ ಕೇರ್ ಎಂಬಾಕೆ ಕಂಪ್ಯೂಟರಿಗೆ ಬರೆದುಕೊಟ್ಟ ಕಸದ ಡಬ್ಬಿ, ಬಕೆಟ್, ಕೈಗಡಿಯಾರಗಳಿಗೆ ಕಳೆದ ಸಂಚಿಕೆಯಲ್ಲಿ ಆರು ಪುಟ ಕೊಟ್ಟಿದ್ದೀರಿ. ಸಂಬಳಕ್ಕೆ ಬರೆದ ಗುರುತುಗಳು ಕಲೆ ಹೇಗಾದವು? ಅವುಗಳಲ್ಲಿ ಬರೆದವರ ಸ್ವಂತದ್ದೇನಿದೆ? ನಾಳೆ ಎಮೋಜಿಯನ್ನೂ ಕಲೆ ಎನ್ನುತ್ತೀರಾ?’

ಮಾನ್ಯರೆ,

ಸಂಬಳದ ಮಾತನ್ನು ಮೊದಲು ಮುಗಿಸಿಬಿಡೋಣ. ಸೋಮನಾಥಪುರದ ಶಿಲ್ಪಿ ಮಲ್ಲಿತಮ್ಮನೂ ಪುಕ್ಕಟೆ ಕೆತ್ತಿರಲಾರ. ಆದರೂ ಶಿಲ್ಪಗಳ ಅಡಿಯಲ್ಲಿ ತನ್ನ ಹೆಸರು ಕೊರೆದ. ಅವನ ಉಳಿಯನ್ನು ಯಾರೂ ಹೀಗಳೆದಿಲ್ಲ.

ಸ್ವಂತದ್ದೇನು ಎಂಬ ಪ್ರಶ್ನೆ ಗಟ್ಟಿಯಾದದ್ದು. 1983ರಲ್ಲಿ ಆಪಲ್ ಕಂಪನಿಯ ಮ್ಯಾಕಿಂಟಾಷ್ ತಂಡ ಸೇರಿದಾಗ ಕೇರ್ ಕಂಪ್ಯೂಟರ್ ಪರಿಣತರೇನಲ್ಲ. ಕಲೆಯಲ್ಲಿ ಡಾಕ್ಟರೇಟ್ ಪಡೆದು, ವಸ್ತುಸಂಗ್ರಹಾಲಯವೊಂದಕ್ಕೆ ಹಂದಿಯ ಶಿಲ್ಪ ಮಾಡುತ್ತಿದ್ದವರು. ಅವರು ಕೈಗೆತ್ತಿಕೊಂಡದ್ದು ಗ್ರಾಫ್ ಹಾಳೆಯ ಪುಸ್ತಕ. ಒಂದು ಗುರುತಿಗೆ ಅಡ್ಡಕ್ಕೆ 32, ಉದ್ದಕ್ಕೆ 32, ಒಟ್ಟು 1,024 ಮನೆ. ಒಂದು ಮನೆಯೆಂದರೆ ಪರದೆಯ ಮೇಲೆ ಒಂದು ಚುಕ್ಕೆ. ಪ್ರತಿ ಮನೆಯೂ ಕಪ್ಪು, ಇಲ್ಲವೇ ಬಿಳಿ. ನಡುವೆ ಬೂದು ಇಲ್ಲ. ಅಂಚು ದುಂಡಗೆ ಕಾಣಬೇಕಾದರೆ ಮೂಲೆಯ ಮನೆ ಖಾಲಿ ಬಿಡಬೇಕು. ಎರಡು ಮನೆ ಹೆಚ್ಚಿಗೆ ತುಂಬಿದರೆ ಬಕೆಟ್ ಹೋಗಿ ಮಡಕೆಯಾಗುತ್ತದೆ. ಎಲ್ಲಿ ತುಂಬಬೇಕು, ಎಲ್ಲಿ ಬಿಡಬೇಕು ಎಂಬ ತೀರ್ಮಾನವೇ ಅವರ ಸ್ವಂತದ್ದು. ಯಂತ್ರ ಸರಿಯಾಗಿ ಶುರುವಾಯಿತೆಂದು ತಿಳಿಸಲು ಒಂದು ಗೆರೆ ಸಾಕಿತ್ತು. ಕೇರ್ ಅದಕ್ಕೊಂದು ನಗುಮುಖ ಬರೆದರು. ಆ ನಗು ಯಂತ್ರದ್ದಲ್ಲ.

ಮೆನುಗಳಲ್ಲಿ ಸೇಬಿನ ಲಾಂಛನ ಅತಿಯಾಯಿತೆಂದು ಆಪಲ್‌ನ ಸ್ಟೀವ್ ಜಾಬ್ಸ್ ತಕರಾರು ತೆಗೆದಾಗ, ಸಂಕೇತಗಳ ನಿಘಂಟು ತಿರುವಿ, ಸ್ವೀಡನ್ನಿನಲ್ಲಿ ನೋಡತಕ್ಕ ಸ್ಥಳಗಳಿಗೆ ಹಾಕುವ ನಾಲ್ಕು ಕುಣಿಕೆಯ ಗುರುತನ್ನು ಅದರ ಬದಲಿಗೆ ಆರಿಸಿದವರೂ ಇವರೇ. ಆಪಲ್ ಕೀಲಿಮಣೆಯಲ್ಲಿ ಅದು ಇಂದಿಗೂ ಇದೆ. 1990ರ ವಿಂಡೋಸ್‌ನ ಸಾಲಿಟೇರ್ ಇಸ್ಪೀಟಿನ ಎಲೆಗಳೂ ಅವರವೇ. ಸಾಹೇಬರು ಬರುವವರೆಗೆ ಕಚೇರಿಗಳಲ್ಲಿ ನಡೆಯುತ್ತಿದ್ದ ಆಟ ಅದು, ನೆನಪಿರಬಹುದು.

ನಿಮ್ಮೂರಿನ ಕಸೂತಿಯನ್ನೇ ನೋಡಿ. ಬಟ್ಟೆಯ ಮೇಲೆ ಗೀಟು ಎಳೆದುಕೊಳ್ಳದೆ, ಎಳೆ ಎಣಿಸಿ, ಗವಂತಿ, ಮುರಗಿ ಹೊಲಿಗೆ ಹಾಕುತ್ತ ತುಳಸಿಕಟ್ಟೆ, ತೊಟ್ಟಿಲು, ತೇರು ಮೂಡಿಸುವವರ ಲೆಕ್ಕವೂ ಇದೇ ಜಾತಿಯದು. ಒಂದೇ ತೇರನ್ನು ಇಬ್ಬರು ಹಾಕಿದರೆ ಯಾರದು ಯಾವುದೆಂದು ಬಲ್ಲವರು ಹೇಳುತ್ತಾರೆ. ಕೇರ್ ಕೂಡ ತಮ್ಮ ಕೆಲಸವನ್ನು ಸೂಜಿದಾರದ ಕಸುಬಿಗೆ, ಮೊಸಾಯಿಕ್‌ಗೆ ಹೋಲಿಸಿದ್ದಾರೆ.

ಅವರ ಗ್ರಾಫ್ ಹಾಳೆಗಳನ್ನು 2015ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ವಸ್ತುಸಂಗ್ರಹಾಲಯ ತನ್ನ ಸಂಗ್ರಹಕ್ಕೆ ಸೇರಿಸಿಕೊಂಡಿತು. ಅದನ್ನು ಸಾಕ್ಷಿಯಾಗಿ ಮುಂದಿಡುತ್ತಿಲ್ಲ; ವಸ್ತುಸಂಗ್ರಹಾಲಯಗಳು ಏನೇನನ್ನೋ ಕೊಳ್ಳುತ್ತವೆ.

ಇನ್ನು ಎಮೋಜಿ. ಜಪಾನಿನ ಶಿಗೆತಾಕಾ ಕುರಿತಾ 1999ರಲ್ಲಿ ಬರೆದ 176 ಗುರುತುಗಳಿಗೆ ಸಿಕ್ಕಿದ್ದು ತಲಾ 144 ಮನೆ ಮಾತ್ರ. ಅವನ್ನು ಕಲೆ ಎನ್ನಲು ನನಗೆ ಅಳುಕಿಲ್ಲ. ಇಂದು ಮೊಬೈಲಿನಲ್ಲಿ ಮಿರಿಮಿರಿ ಮಿಂಚುವ, ಸಮಿತಿಯ ಒಪ್ಪಿಗೆ ಪಡೆದು ಬರುವ ಮುಖಗಳ ವಿಷಯದಲ್ಲಿ ಮಾತ್ರ ನನ್ನ ಮತ ನಿಮ್ಮ ಕಡೆಗೇ.

– ಸಂಪಾದಕ